ಬಾಯಿಗೂಡಿದ ಡಬ್ಬಿಗೆ ಕಪಲಿ ಎಂದದ್ದು

ಚಿನ್ನವ್ವಾ, ಪುಟ್ಯಾ,

ಇವು ಅಜ್ಜಿಯಾದ ನಾನು ನಿಮ್ಮನ್ನು ಕರೆಯುವ ಹೆಸರುಗಳು. ನಿಮ್ಮ ಶಾಲೆಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಉಳಿದವರ ಹೆಸರನ್ನೂ ಬರೆಯುವುದಿಲ್ಲ. ಮೊನ್ನೆ ನೀವಿಬ್ಬರೂ ಅಪ್ಪನ ಕಪಾಟಿನ ಮುಂದೆ ನಿಂತು, ಎಲ್ಲಾ ಡಬ್ಬಿಗಳಿಗೂ ಹಲ್ಲಿನ ಲೆಕ್ಕದ ಹೆಸರು ಇರುವಾಗ ಇದೊಂದಕ್ಕೆ ಮಾತ್ರ ಕಪಲಿ ಎಂದು ಯಾಕೆ ಕರೆಯುತ್ತೀರಿ ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋಗಿಬಿಟ್ಟೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ, ನಿಮಗೇ ಗೊತ್ತಿದೆ. ಬರೆಯುವಾಗ ನನ್ನ ಮುಖವನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಡೋಣಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಿಮ್ಮ ಅಪ್ಪನಿಗೆ ಚಿಕ್ಕಂದಿನಿಂದ ಚಿತ್ರಕಥೆಯ ಪುಸ್ತಕಗಳೆಂದರೆ ಜೀವ. ನೌಕರಿ ಹತ್ತಿ, ವಿಜಯಪುರದ ಅಥಣಿ ರಸ್ತೆಯಲ್ಲಿ ಈ ಮನೆ ಕಟ್ಟಿದ ಮೇಲೂ ಆ ಗೀಳು ಬಿಡಲಿಲ್ಲ. ಪುಸ್ತಕಗಳನ್ನು ದೂರದ ಒಂದು ಕಂಪನಿಗೆ ಕಳಿಸುತ್ತಾನೆ. ಅಲ್ಲಿಯವರು ಹಾಳೆ ಹಾಳೆ ತಿರುವಿ ನೋಡಿ, ಎಲ್ಲಿ ಮಡಿಕೆ ಬಿದ್ದಿದೆ, ಎಲ್ಲಿ ಕಲೆ ಇದೆ ಎಂದು ಗುರುತಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಗಟ್ಟಿಯಾದ ಪಾರದರ್ಶಕ ಡಬ್ಬಿಯಲ್ಲಿಟ್ಟು ಮುಚ್ಚಿಬಿಡುತ್ತಾರೆ. ಆ ಡಬ್ಬಿಯನ್ನು ತೆರೆಯುವಂತಿಲ್ಲ, ಒಡೆಯಬೇಕು. ಒಡೆದರೆ ಅಂಕವೂ ಹೋಯಿತು. ಓದಲು ಬಾರದಂತೆ ಪುಸ್ತಕ ಇಡುವುದು ನನಗೆ ಮೊದಮೊದಲು ವಿಚಿತ್ರ ಅನಿಸುತ್ತಿತ್ತು. ಆದರೆ ಗ್ರೇಡ್ ಮಾಡುವುದು ನನಗೆ ಹೊಸದಲ್ಲ. ತಿಕೋಟಾದ ನಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿಯನ್ನು ಬಣ್ಣ ನೋಡಿ, ಗಾತ್ರ ನೋಡಿ ಬೇರೆ ಮಾಡುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಂಕ ಹಾಕುವವರ ಕಣ್ಣು ಎಷ್ಟು ನೋಯುತ್ತದೆ ಎಂದು ನನಗೆ ಗೊತ್ತು.

ಕಂಪನಿಯವರು ವರ್ಷಗಳು ಕಳೆದಂತೆ ಡಬ್ಬಿಯನ್ನು ಬದಲಿಸುತ್ತಾ ಬಂದರು. ಎಲ್ಲಕ್ಕಿಂತ ಹಳೆಯದರಲ್ಲಿ ಒಳಗಿನ ಚೀಲ ಸಡಿಲ, ಓರೆ ಮಾಡಿದರೆ ಪುಸ್ತಕ ಮೆಲ್ಲಗೆ ಜಾರುತ್ತದೆ, ಪ್ಲಾಸ್ಟಿಕ್ಕು ಹಳದಿಗೆ ತಿರುಗಿದೆ. ಅದರ ನಂತರದ್ದನ್ನು ಬೆಳಕಿಗೆ ಹಿಡಿದರೆ ನೀರಿನ ಮೇಲೆ ಸೀಮೆಎಣ್ಣೆ ಬಿದ್ದಂತೆ ಬಣ್ಣಬಣ್ಣದ ಬಳೆಗಳು ಕಾಣುತ್ತವೆ. ಆಮೇಲಿನದರಲ್ಲಿ ಆ ಬಳೆಗಳು ಹೋದವು, ಅಂಚು ದಪ್ಪವಾಯಿತು. ಈಗ ಬರುವುದು ನೀರಿನಷ್ಟು ತಿಳಿ, ಒಂದರ ಮೇಲೊಂದು ಇಟ್ಟರೆ ಜಾರದಂತೆ ಅಂಚಿಗೆ ಏಣು ಇದೆ.

ತೊಂದರೆ ಇದ್ದದ್ದು ಇವನ್ನು ಕರೆಯುವುದರಲ್ಲಿ. ಸೊಲ್ಲಾಪುರದಲ್ಲೊಬ್ಬ, ಬೆಳಗಾವಿಯಲ್ಲೊಬ್ಬ, ಹೀಗೆ ನಿಮ್ಮ ಅಪ್ಪನಂತೆಯೇ ಗೀಳಿನ ಗೆಳೆಯರಿದ್ದಾರೆ. ಒಬ್ಬ ‘ಹಳೇದು’ ಎಂದರೆ ಇನ್ನೊಬ್ಬನಿಗೆ ಅದು ನಡುವಿನದು. ಒಬ್ಬ ‘ಎರಡನೇದು’ ಎಂದರೆ ಇನ್ನೊಬ್ಬ ಹಿಂದಿನಿಂದ ಎಣಿಸುತ್ತಾನೆ. ಒಂದು ಭಾನುವಾರ ನಿಮ್ಮ ಅಪ್ಪ ಫೋನಿನಲ್ಲಿ ಅದೇ ಜಗಳ ಆಡಿ ಇಟ್ಟು, ಸುಸ್ತಾಗಿ ಕೂತಿದ್ದ. ನೀವಿಬ್ಬರೂ ಅಲ್ಲೇ ಇದ್ದಿರಿ. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಬಾಯಿ ತಪ್ಪಿ ಮಾತು ಬಂತು.

“ಹಲ್ಲ ನೋಡಿ ಹೇಳಿದ್ರ ಆತಲ್ಲೋ.”

“ಪ್ಲಾಸ್ಟಿಕ್ಕಿಗೆ ಎಲ್ಲಿ ಹಲ್ಲ ಬೇ ಯವ್ವಾ?” ಎಂದ ನಿಮ್ಮ ಅಪ್ಪ.

“ದನಕ್ಕ ಹೇಳ್ತಾರಲ್ಲ, ಹಂಗ. ಹೊಸಾದು ಹಾಲಹಲ್ಲಿಂದು, ಆಮ್ಯಾಲ ಎರಡ ಹಲ್ಲಿಂದು, ನಾಕ ಹಲ್ಲಿಂದು, ಎಲ್ಲಾ ಹಲ್ಲ ಬಂದ ಹಳೇದು ಬಾಯಿಗೂಡಿದ್ದು. ಯಾವ ಸಂತಿಗೆ ಹೋದ್ರೂ ಅದ ಲೆಕ್ಕ, ಜಗಳ ಬರಾಂಗಿಲ್ಲ.”

ಪುಟ್ಯಾ, ನೀನು ಆಗ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ಕಂಪನಿಯವರು ನಾಳೆ ಇನ್ನೊಂದು ಹೊಸ ಡಬ್ಬಿ ತಂದರೆ ಏನು ಮಾಡುತ್ತೀ ಆಯಿ, ಎಂದೆ ನೀನು. ಆಗ ಅದು ಹಾಲುಹಲ್ಲಿನದು, ಬಾಯಿಗೂಡಿದ್ದನ್ನು ಬಿಟ್ಟು ಉಳಿದವಕ್ಕೆಲ್ಲ ಎರಡೆರಡು ಹಲ್ಲು ಹೆಚ್ಚಿಗೆ ಬರುತ್ತವೆ, ದನವೇನು ಇದ್ದಂತೆಯೇ ಇರುತ್ತದೆಯೇ ಎಂದೆ ನಾನು. ನಿಮ್ಮ ಅವ್ವ ಅಡಿಗೆಮನೆಯಿಂದಲೇ, “ನಮ್ಮ ಫ್ರಿಜ್ಜೂ ಬಾಯಿಗೂಡಿ ಭಾಳ ದಿನಾ ಆತ್ರಿ ಅತ್ತಿ, ಯಾರೂ ಹಲ್ಲ ನೋಡವಲ್ರು,” ಎಂದಳು. ನಿಮ್ಮ ಅಪ್ಪ ಕೇಳಿಸದವನಂತೆ ಫೋನ್ ತೆಗೆದುಕೊಂಡ.

ಆ ಗೆಳೆಯರು ಮೊದಲು ನಕ್ಕರಂತೆ. ಆಮೇಲೆ ಅವರೇ ‘ನಾಲ್ಕು ಹಲ್ಲಿನದು ಇದ್ದರೆ ಹೇಳು’ ಎನ್ನತೊಡಗಿದರು. ಚಿನ್ನವ್ವಾ, ನೀನು ಚಂದದ ಅಕ್ಷರದಲ್ಲಿ ಚೀಟಿ ಬರೆದು ಕಪಾಟಿನ ಒಂದೊಂದು ಅಂಕಣಕ್ಕೆ ಅಂಟಿಸಿದೆ.

ಈಗ ನೀವು ನೋಡದ ಸಂಗತಿಗೆ ಬರುತ್ತೇನೆ. ನಿಡೋಣಿಯಲ್ಲಿ ನನ್ನ ಅಪ್ಪ ದನದ ವ್ಯಾಪಾರ ಬಲ್ಲವನು. ಹಲ್ಲಿನ ಮಾತೆಲ್ಲ ಮಾರುವ ದನಕ್ಕೆ. ಕೊಳ್ಳುವವನು ಬಂದು ತುಟಿ ಎತ್ತಿ ನೋಡುತ್ತಾನೆ, ಅಪ್ಪ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಮನೆಯಲ್ಲೇ ಉಳಿಯುವ ದನಕ್ಕೆ ಮಾತ್ರ ಹೆಸರು ಇಡುತ್ತಿದ್ದರು. ಹೆಸರು ಇಟ್ಟ ಮೇಲೆ ಅದರ ಬಾಯಿ ತೆರೆದು ಯಾರೂ ನೋಡುವಂತಿಲ್ಲ. ನಮ್ಮಲ್ಲಿ ಕಂದು ಬಣ್ಣದ ಒಂದು ಆಕಳಿತ್ತು, ಕಪಲಿ ಎಂದು. ಬಬಲೇಶ್ವರದಿಂದ ಯಾರೋ ಬಂದು ಅದನ್ನೇ ಕೇಳಿದಾಗ ನನ್ನ ಅವ್ವ ಬಾಗಿಲ ಮರೆಯಲ್ಲಿ ನಿಂತು ಹೇಳಿದ್ದು ಇಷ್ಟೇ: “ಅದಕ್ಕ ಹೆಸರ ಐತ್ರಿ.” ಬಂದವರು ಚಹಾ ಕುಡಿದು ಎದ್ದು ಹೋದರು. ನಾನು ಮದುವೆಯಾಗಿ ಬಂದ, ತಿಕೋಟಾದ ನಿಮ್ಮ ಮುತ್ಯಾನ ಮನೆಯಲ್ಲೂ ಇದೇ ಪದ್ಧತಿ. ನಿಮ್ಮ ಅಪ್ಪ ಅದರಲ್ಲೇ ಬೆಳೆದವನು.

ಇನ್ನು ನೀವು ಕೇಳಿದ ಆ ಹಳದಿ ಡಬ್ಬಿಯ ಒಳಗಿನ ಪುಸ್ತಕ. ನಿಮ್ಮ ಮುತ್ಯಾ ವಿಜಯಪುರಕ್ಕೆ ದ್ರಾಕ್ಷಿ ಮಾರಲು ಹೋದಾಗಲೆಲ್ಲ ಬಸ್ ನಿಲ್ದಾಣದಲ್ಲಿ ಮಗನಿಗೆ ಒಂದು ಚಿತ್ರಕಥೆ ಪುಸ್ತಕ ತರುತ್ತಿದ್ದರು. ಮಗ ಶಾಲೆಯಿಂದ ಬರುವಷ್ಟರಲ್ಲಿ ತಾವೇ ಒಮ್ಮೆ ಓದಿ ಮುಗಿಸುತ್ತಿದ್ದರು. ಶೆಡ್ಡಿನ ನೆರಳಿನಲ್ಲಿ ನಾವು ಹೆಂಗಸರು ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಬಲೆಗಳ ಮೇಲೆ ಒಣಗಲು ಹರಡುತ್ತಿದ್ದರೆ, ಅವರು ದನಿ ಬದಲಿಸಿ ಬದಲಿಸಿ ಗಟ್ಟಿಯಾಗಿ ಓದುವರು. ರಾಜನಿಗೊಂದು ದನಿ, ಕತ್ತೆಗೊಂದು ದನಿ. ಎರಡೂ ಒಂದೇ ಥರ ಇವೆ ಎಂದು ಕೆಲಸದ ಹೆಂಗಸರು ಅವರನ್ನು ಕಾಡಿಸುತ್ತಿದ್ದರು.

ಒಂದು ದಿನ ಓದಿದ ಈ ಪುಸ್ತಕದ ಕಥೆಯಲ್ಲಿ ಒಬ್ಬಳು ಹುಡುಗಿ ತನ್ನ ಆಡುಗಳನ್ನು ಹೊಳೆ ದಾಟಿಸಬೇಕು, ನಡುವೆ ಮೊಸಳೆ ಇದೆ. ಮೊಸಳೆ ಬಾಯಿ ತೆರೆದ ಹಾಳೆಗೆ ಬಂದಾಗ ಯಾರೋ ವ್ಯಾಪಾರಿ ಕರೆದನೆಂದು ಅವರು ಪುಸ್ತಕವನ್ನು ಮಗುಚಿಟ್ಟು ಎದ್ದುಹೋದರು. ನನಗೆ ತಡೆಯಲಾಗಲಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಓದಿದ್ದು ಬಸ್ಸಿನ ಫಲಕಗಳನ್ನು ಮಾತ್ರ. ಆದರೂ ಕೈ ಸೆರಗಿಗೆ ಒರೆಸಿದಂತೆ ಮಾಡಿ ಪುಸ್ತಕ ಎತ್ತಿಕೊಂಡೆ. ಒಂದೊಂದೇ ಅಕ್ಷರ ಕೂಡಿಸಿ, ಚಿತ್ರ ನೋಡಿ, ಮತ್ತೆ ಅಕ್ಷರ ನೋಡಿ, ಕೊನೆಯ ಹಾಳೆಯವರೆಗೂ ಓದಿದೆ. ನಾನೇ ನಾನಾಗಿ ಕೊನೆ ಮುಟ್ಟಿಸಿದ ಮೊದಲ ಕಥೆ ಅದು. ಅವರು ತಿರುಗಿ ಬಂದು ಓದಲು ಕೂತಾಗ, ಹುಡುಗಿ ದಾಟಿದಳು ಎಂದು ಹೇಳಿಬಿಟ್ಟೆ. ಅವರು ನನ್ನನ್ನು ನೋಡಿದರು, ಆಮೇಲೆ ಪುಸ್ತಕವನ್ನು ನೋಡಿದರು. ಮುಖಪುಟದ ಮೇಲೆ ನನ್ನ ಎಣ್ಣೆಗೈಯ ಹೆಬ್ಬೆಟ್ಟು ಎದ್ದು ಕಾಣುತ್ತಿತ್ತು.

“ಓದಾಕ ಬಾರದವ್ರು ಹೆಬ್ಬೆಟ್ಟ ಒತ್ತತಾರ,” ಎಂದರು. “ಓದಿ ಮುಗಿಸಿ ಒತ್ತಿದಾಕಿ ನೀ ಒಬ್ಬಾಕೀನ.”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನು ಬಲೆಯ ಹಿಂದೆ ಸರಿದೆ. ಅವತ್ತಿನಿಂದ ಅವರು ಪುಸ್ತಕ ತಂದರೆ ಕೊನೆಯ ಎರಡು ಹಾಳೆಗಳನ್ನು ನನಗೇ ಬಿಡುತ್ತಿದ್ದರು.

ನಿಮ್ಮ ಅಪ್ಪ ನೌಕರಿ ಹತ್ತಿದ ಹೊಸದರಲ್ಲಿ ಕಂಪನಿಗೆ ಕಳಿಸಿದ ಮೊದಲ ಪುಸ್ತಕವೇ ಅದು. ಮುಖಪುಟದ ಮೇಲೆ ಎಣ್ಣೆಯ ಕಲೆ ಇದೆ ಎಂದು ಬರೆದು, ಕಡಿಮೆ ಅಂಕ ಹಾಕಿ ಕಳಿಸಿದ್ದರು. ಅವನ ಮುಖ ಸಣ್ಣದಾಯಿತು. ನಿಮ್ಮ ಮುತ್ಯಾ ಡಬ್ಬಿಯನ್ನು ತಿರುಗಿಸಿ ನೋಡಿ, ನನಗೂ ಶಾಲೆಯಲ್ಲಿ ಇಷ್ಟೇ ಬೀಳುತ್ತಿತ್ತು ಎಂದು ಸಮಾಧಾನ ಹೇಳಿದರು. ಆ ಡಬ್ಬಿಯನ್ನು ಆಗಾಗ ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯುತ್ತಿದ್ದರು. ಎಣ್ಣೆ ಹೀರಿದ ಕಡೆ ಕಾಗದ ತೆಳುವಾಗಿ, ಬೆರಳಿನ ಗೆರೆಗಳು ಇವತ್ತಿಗೂ ಕಾಣುತ್ತವೆ.

ಅವರು ತೀರಿಕೊಂಡ ಮೇಲೆ, ಹೋದ ವರ್ಷ, ಆ ಡಬ್ಬಿಯ ಒಂದು ಮೂಲೆ ಸೀಳಿತು. ಒಡೆಸಿ ಹೊಸ ಡಬ್ಬಿಗೆ ಹಾಕಿಸುತ್ತೇನೆ ಎಂದು ನಿಮ್ಮ ಅಪ್ಪ ತೀರ್ಮಾನಿಸಿದ. ಹಾಗೆಯೇ ಕಲೆ ತೆಗೆಯುವವರು ಇದ್ದಾರಂತೆ, ಅವರ ಕೈಯಲ್ಲಿ ಎಣ್ಣೆಯನ್ನೂ ತೆಗೆಸಿಬಿಟ್ಟರೆ ಅಂಕ ಏರುತ್ತದೆ ಎಂದ. ಕಪಾಟಿನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕ ತನ್ನ ಅಪ್ಪ ತಂದುಕೊಟ್ಟ ಪುಸ್ತಕಕ್ಕೇ ಇರುವುದು ಅವನಿಗೆ ಚುಚ್ಚುತ್ತಿತ್ತು. ಅವನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ. ಹಾಗಿರುವಾಗ ಬೇಡ ಎಂದು ಹೇಗೆ ಹೇಳಲಿ? ಹೇಳಲು ಹೋದರೆ ಶೆಡ್ಡಿನ ಕಥೆ ಹೇಳಬೇಕು. ಮಗನ ಮುಂದೆ ಅಂಥ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ದಿನವೂ ಕಪಾಟು ಒರೆಸುವಾಗ ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇಡುತ್ತಿದ್ದೆ, ಮರೆತಾನೇನೋ ಎಂದು.

ಅವನು ಮರೆಯಲಿಲ್ಲ. ಇಬ್ರಾಹಿಂಪುರದ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ, ಥರ್ಮಾಕೋಲು ತಂದು ಪಡಸಾಲೆಯಲ್ಲಿ ಹರಡಿಕೊಂಡು ಕೂತ. ನೀವು ಶಾಲೆಗೆ ಹೋಗಿದ್ದಿರಿ. ಬೇರೆ ಕೆಲವು ಪುಸ್ತಕಗಳನ್ನು ಸುತ್ತಿ ಇಟ್ಟ ಮೇಲೆ, ತಲೆ ಎತ್ತದೆ ಕೈ ಚಾಚಿದ.

“ಯವ್ವಾ, ಆ ಬಾಯಿಗೂಡಿದ್ದ ಕೊಡ ಇಲ್ಲೆ.”

ಕಪಾಟಿನಿಂದ ತೆಗೆದೆ. ಕಿಟಕಿಯ ಬಿಸಿಲಿಗೆ ಅದರ ಪ್ಲಾಸ್ಟಿಕ್ಕು ನಿಡೋಣಿಯ ಆ ಆಕಳ ಬಣ್ಣಕ್ಕೆ ಕಂಡಿತು. ಕೊಡಲು ಕೈ ಮುಂದೆ ಹೋಗಲಿಲ್ಲ.

“ಕಪಲಿ,” ಎಂದೆ.

“ಏನ?”

“ಇದರ ಹೆಸರ ಕಪಲಿ.”

ಅವನು ಟೇಪು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದ. “ಯಾವಾಗ ಇಟ್ಟಿ ಬೇ ಹೆಸರಾ?”

“ಈಗ.”

ನಿಮ್ಮ ಅವ್ವ ಬಾಗಿಲಲ್ಲಿ ಬಂದು ನಿಂತಳು. ನಿಮ್ಮ ಅಪ್ಪ ಎದ್ದು ಬಂದು ಡಬ್ಬಿಯನ್ನು ನನ್ನ ಕೈಯಲ್ಲೇ ಬಿಟ್ಟು, ಬಗ್ಗಿ ನೋಡಿದ. ಆ ಕಲೆಯೂ ಹಾಗೇ ಇರಬೇಕೇನು ಎಂದು ಕೇಳಿದ. ನಾನು ಹೌದೆಂದು ತಲೆ ಆಡಿಸಿದೆ. ಬಲಗೈ ಹೆಬ್ಬೆರಳನ್ನು ಆ ಕಲೆಯ ನೇರಕ್ಕೆ, ಪ್ಲಾಸ್ಟಿಕ್ಕಿನ ಮೇಲೆ ಇಟ್ಟು ತೋರಿಸಿದೆ. ವಯಸ್ಸಾಗಿ ಬೆರಳು ಸೊರಗಿದೆ, ಆದರೂ ಅಳತೆ ಹೊಂದಿತು. ಅವನು ಬೆರಳನ್ನೂ ಕಲೆಯನ್ನೂ ನೋಡಿದ.

“ಹೆಸರಿಟ್ಟದ್ದು ಸಂತಿಗೆ ಹೋಗಾಂಗಿಲ್ಲ ಬಿಡು,” ಎಂದ. ಆಮೇಲೆ ಸೀಳಿದ ಮೂಲೆಗೆ ತೆಳುವಾದ ಟೇಪು ಹಚ್ಚಿ, ಹೊರಗೊಂದು ಚೀಲ ಹಾಕಿ, ತಾನೇ ಕಪಾಟಿನ ಮುಂಭಾಗದಲ್ಲಿ ಇಟ್ಟ. ಹೆಚ್ಚಿಗೆ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಹೇಳಿದ್ದು ಇಲ್ಲಿ, ನಿಮಗೆ. ಅವನಿಗೆ ನೀವೇ ಓದಿ ಹೇಳಿ, ನಾನು ಮನೆಯಲ್ಲಿ ಇಲ್ಲದಾಗ.

ಮುಂದೆ ಡಬ್ಬಿಗಳು ಇನ್ನೆಷ್ಟು ಸಲ ಬದಲಾಗುತ್ತವೋ, ಚೀಟಿಗಳನ್ನು ಬದಲಿಸುತ್ತಾ ಹೋಗಿ. ಕಪಲಿಗೆ ಹಲ್ಲು ಎಣಿಸಬೇಡಿ. ಈ ಹಾಳೆಗಳು ಅಪ್ಪನ ಕೈಗೆ ಸಿಕ್ಕರೆ ಇವನ್ನೂ ಡಬ್ಬಿಯಲ್ಲಿ ಮುಚ್ಚಿಸಿ ತರುತ್ತಾನೆ, ಅದಕ್ಕೆ ಬಿಡಬೇಡಿ. ನನ್ನ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಡಿ, ನೀರು ತಾಗದಂತೆ, ಗೆದ್ದಲು ಹತ್ತದಂತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ. ಓದಬೇಕೆನಿಸಿದಾಗ ತೆಗೆದು ಓದಿ, ಕೈಗೆ ಎಣ್ಣೆ ಇದ್ದರೂ ನಡೆಯುತ್ತದೆ. ಓದಿದ ಮೇಲೆ ಮಾತ್ರ ಮರೆಯದೆ ಮತ್ತೆ ಅಲ್ಲಿಯೇ ಜೋಪಾನವಾಗಿ ಇಡಿ.