ಹಾರ ಹಾಕಿಕೊಂಡೇ ಓಡಿದ ಗೌಡ್ರು

ಕೊರೋನಾ ಕಾಟ ಮುಗಿದು ಜನ ಮತ್ತೆ ಸಭೆ ಸಮಾರಂಭಗಳಿಗೆ ಬರತೊಡಗಿದ್ದ ವರ್ಷ. ಫೆಬ್ರವರಿ ಕೊನೆಯ ಒಂದು ಭಾನುವಾರ ಬಣಕಲ್‌ನ ಶಾಲೆಯೊಂದರ ಹಾಲಿನಲ್ಲಿ ನನ್ನ ಮೊದಲ ಕವನ ಸಂಕಲನದ ಬಿಡುಗಡೆ ಇಟ್ಟುಕೊಂಡಿದ್ದೆ. ನಾನು ರಸ್ತೆ ಬದಿಯ ಸಣ್ಣ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವವಳು. ಮಿಷನ್ ತುಳಿಯುತ್ತಲೇ ಮನಸ್ಸಿನಲ್ಲಿ ಸಾಲು ಕಟ್ಟುವ ಹುಚ್ಚು. ಪತ್ರಿಕೆಗಳಲ್ಲಿ ಕವಿತೆ ಅಚ್ಚಾದರೂ ಊರಿನವರು ನನ್ನನ್ನು ಕಂಡಾಗ ಕೇಳುತ್ತಿದ್ದದ್ದು ಒಂದೇ ಮಾತು, "ನನ್ ಬ್ಲೌಸ್ ಆಯ್ತಾ?" ಒಂದು ಸಲವಾದರೂ ಇವರೆಲ್ಲ ಸುಮ್ಮನೆ ಕೂತು ನನ್ನ ಕವಿತೆ ಕೇಳಬೇಕು ಎಂಬುದು ಎಷ್ಟೋ ವರ್ಷದ ಆಸೆಯಾಗಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬೇಸಿಗೆಯ ಮೊದಲ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ. ಅದು ಹೂಮಳೆ. ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬಂದರೆ ಮಾತ್ರ ಹೂ ಕಾಯಿ ಕಚ್ಚುವುದು. ಅದಕ್ಕೆ ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಹೂಮಳೆ ನಿಂತಿತೋ ಇಲ್ಲವೋ, ತೋಟದವರೆಲ್ಲ ಒಬ್ಬರಿಗೊಬ್ಬರು ಫೋನು. "ನಿಮ್ಮಲ್ಲಿ ಎಷ್ಟಾಯ್ತು ಮಾರಾಯ?" "ಅರವತ್ತು ಸೆಂಟು. ನಿಮ್ಮಲ್ಲಿ?" ಇಂಚಿನ ನೂರನೇ ಒಂದು ಪಾಲು ಮಳೆ ಅಂದರೆ ಒಂದು ಸೆಂಟು. ಕಳಸದಿಂದ ವಸ್ತಾರೆಯವರೆಗೆ ಇದೇ ಮಾತು. ಒಂದು ಕಾಫಿ ಗಿಡವೂ ಇಲ್ಲದ ನನಗೆ ಯಾರು ಫೋನ್ ಮಾಡುತ್ತಾರೆ? ಆ ಹೊತ್ತಿನಲ್ಲಿ ನಾನು ಈ ಊರಿನ ಲೆಕ್ಕಕ್ಕೇ ಇಲ್ಲದವಳು ಎಂದು ಅನ್ನಿಸಿ ಹೊಟ್ಟೆ ಉರಿಯುತ್ತಿತ್ತು.

ಬಿಡುಗಡೆಯ ದಿನ ಬೆಳಿಗ್ಗೆ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಹಾಲ್ ತುಂಬಿತ್ತು. ಮುಖ್ಯ ಅತಿಥಿ ನಮ್ಮೂರಿನ ದೊಡ್ಡ ಎಸ್ಟೇಟಿನ ಗೌಡ್ರು. ಅವರ ಸಿಟ್ಟು ಊರಿಗೇ ಗೊತ್ತು. ಸ್ವಾಗತ ಗೀತೆಯಾಯಿತು, ಭಾಷಣಗಳಾದವು, ಗೌಡ್ರ ಕೊರಳಿಗೆ ಹಾರವೂ ಬಿತ್ತು. ಅವರು ಪುಸ್ತಕದ ರಿಬ್ಬನ್ನಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಹಾಲ್ ಕತ್ತಲಾಯಿತು. ಮಾಡಿನ ಶೀಟಿನ ಮೇಲೆ ಪಟಪಟ ಮಳೆಯ ಸದ್ದು.

"ಅಯ್ಯಯ್ಯೋ, ಕಣದಲ್ಲಿ ಕಾಫಿ ಉಂಟಲ್ಲ!" ಎಂದು ಯಾರೋ ಕೂಗಿದರು. ಅಷ್ಟೇ. ಕೊಯ್ದ ಕಾಫಿ ಪ್ರತಿಯೊಬ್ಬರ ಕಣದಲ್ಲೂ ಒಣಗುತ್ತಿತ್ತು. ಕುರ್ಚಿಗಳು ಉರುಳಿದವು. ಗೌಡ್ರು ರಿಬ್ಬನ್ ಬಿಟ್ಟು, ಹಾರ ಹಾಕಿಕೊಂಡೇ ಜೀಪಿನ ಕಡೆಗೆ ಓಡಿದರು. "ಟಾರ್ಪಾಲು ಎಳ್ಯಕ್ಕೆ ಜನ ಬೇಕಲ್ಲ" ಎಂದು ನನ್ನ ಯಜಮಾನರೂ ಅದೇ ಜೀಪು ಹತ್ತಿದರು. ಕಟ್ಟಿಕೊಂಡ ಗಂಡನೇ ಹೀಗೆ ಮಾಡಿದರೆ ಬೇರೆಯವರ ಮಾತೇಕೆ?

ಖಾಲಿ ಹಾಲಿನಲ್ಲಿ ನಿಂತು ಅಳು ನುಂಗಿಕೊಂಡೆ. ಸಿಟ್ಟೂ ಬಂತು. ಹೂಮಳೆಗೆ ಬರಲು ಬೇರೆ ದಿನವೇ ಸಿಗಲಿಲ್ಲವೇ? ಹಿಂದೆ ತಿರುಗಿ ನೋಡಿದರೆ ಸ್ವಾಗತ ಗೀತೆ ಹಾಡಿದ ಶಾಲೆಯ ಪುಟ್ಟ ಹುಡುಗಿಯರು ಹಾಗೇ ಕೂತಿದ್ದರು. ಅವರಲ್ಲಿ ನಮ್ಮ ಪಕ್ಕದ ಗ್ಯಾರೇಜಿನವರ ಮಗಳು ರಫಿಯಾ ಕೇಳಿದಳು, "ಅಕ್ಕಾ, ಪದ್ಯ ಓದದಿಲ್ವಾ?"

ಬಿಂಕದಿಂದ ಪುಸ್ತಕ ತೆರೆದು ನನ್ನ ಅತ್ಯುತ್ತಮ ಕವಿತೆ ಓದಿದೆ. ಮೌನ, ಕನ್ನಡಿ, ಕತ್ತಲು ಎಲ್ಲವೂ ಇದ್ದ ಕವಿತೆ ಅದು. ಮಕ್ಕಳು ಒಬ್ಬೊಬ್ಬರಾಗಿ ಆಕಳಿಸಿದರು. "ಚೆನ್ನಾಗುಂಟು ಅಕ್ಕ," ಎಂದಳು ರಫಿಯಾ, "ಆದ್ರೆ ಇದ್ರಲ್ಲಿ ಏನೂ ಆಗ್ತಾನೇ ಇಲ್ವಲ್ಲ?"

ಮುಖಕ್ಕೆ ಹೊಡೆದ ಹಾಗಾಯಿತು. ಮರುಕ್ಷಣ ನಗು ಬಂತು. ಏನಾದರೂ ಆಗಬೇಕೇ? ಈಗಷ್ಟೇ ಕಣ್ಣೆದುರೇ ಆಯಿತಲ್ಲ! ನಿಂತಲ್ಲೇ ಹೇಳತೊಡಗಿದೆ:

ಕೊರಳಲಿ ಹಾರ, ಕಾಲಲಿ ಕೆಸರು,
ಓಡುವ ಗೌಡ್ರಿಗೆ ಏದುಸಿರು!
ಕಣದಲಿ ಕಾಫಿ ಕೂಗಿತು, "ಚಳಿ ಚಳಿ,
ಹೊದೆಸಿರಿ ಗೌಡ್ರೆ ಒಂದು ಕಂಬಳಿ!"

ಮಕ್ಕಳು ಬೆಂಚು ಬಡಿದು ಕುಣಿದರು. ರಫಿಯಾ ತಡವಿಲ್ಲದೆ ಮುಂದುವರಿಸಿದಳು:

ಗೌಡ್ರಂದ್ರು, "ಇರುವುದು ಒಂದೇ ಕಂಬಳಿ,
ನೀನೇ ಹೊದ್ದುಕೊ, ನನಗಿರಲಿ ಚಳಿ!"

ಮಿಷನ್ ತುಳಿಯುತ್ತ ವಾರಗಟ್ಟಲೆ ತಿಣುಕಿದರೂ ಬಾರದ ಸಾಲು ಹೀಗೆ ಹಾರಿ ಬರುವುದೆಂದರೇನು! ನಾನೊಂದು ಸಾಲು, ಅವರೊಂದು ಸಾಲು. ಪದ್ಯದೊಳಗೆ ಬೆಕ್ಕು ಬಂತು, ಜೀಪು ಬಂತು, ಟಾರ್ಪಾಲಿನೊಳಗೆ ಸಿಕ್ಕಿಕೊಂಡ ನನ್ನ ಯಜಮಾನರೂ ಬಂದರು. ಮಳೆಯ ಸದ್ದಿಗಿಂತ ನಮ್ಮ ಗಲಾಟೆಯೇ ಹೆಚ್ಚಾಗಿತ್ತು.

ಮಳೆ ನಿಂತದ್ದೂ ನಮಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಗೌಡ್ರು ಬಾಗಿಲಲ್ಲಿದ್ದಾರೆ. ಮೈಯೆಲ್ಲ ಒದ್ದೆ. ಕೊರಳಲ್ಲಿ ದಾರ ಮಾತ್ರ ಉಳಿದಿದೆ, ಹೂವಿಲ್ಲ. ಅವರ ಹಿಂದೆ, ಕಾಫಿ ಮುಚ್ಚಿಟ್ಟು ವಾಪಸ್ ಬಂದ ಜನರೆಲ್ಲ. ಇನ್ನು ಈ ಊರಲ್ಲಿ ನನ್ನ ಪುಸ್ತಕವೂ ಇಲ್ಲ, ಅಂಗಡಿಯೂ ಇಲ್ಲ ಎಂದುಕೊಂಡೆ.

"ಯಾರು ಕಟ್ಟಿದ್ದು ಇದನ್ನ?" ಗೌಡ್ರು ಗಡುಸಾಗಿ ಕೇಳಿದರು.

ಮಕ್ಕಳೆಲ್ಲ ನನ್ನ ಕಡೆ ಬೆರಳು ತೋರಿಸಿದರು.

"ಕಾಫಿಗೆ ಯಾರಾದ್ರೂ ಕಂಬಳಿ ಹೊದೆಸ್ತಾರೇನಮ್ಮ? ಟಾರ್ಪಾಲು ಅನ್ನಿ."

"ಟಾರ್ಪಾಲು ಪ್ರಾಸಕ್ಕೆ ಬರದಿಲ್ಲ ಗೌಡ್ರೆ," ಎಂದುಬಿಟ್ಟಳು ರಫಿಯಾ.

ಗೌಡ್ರು ಅವಳನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಮಕ್ಕಳ ಬೆಂಚಿನ ಮೇಲೆಯೇ ಕೂತು, "ಹಂಗಾದ್ರೆ ಕಂಬಳಿನೇ ಇರ್ಲಿ. ಮೊದಲಿಂದ ಹೇಳಿ, ಎಲ್ರೂ ಕೇಳ್ಲಿ," ಎಂದರು. ಕಣದ ಕಾಫಿ ಅಷ್ಟಿಷ್ಟು ನೆನೆದಿದ್ದರೂ ಹೂಮಳೆ ಸಿಕ್ಕಿದ ಖುಷಿ ಎಲ್ಲರ ಮುಖದಲ್ಲಿತ್ತು. ಅಂದು ಊರೆಲ್ಲ ಒದ್ದೆ ಬಟ್ಟೆಯಲ್ಲೇ ಕೂತು ನನ್ನ ಪದ್ಯ ಕೇಳಿತು. ರಿಬ್ಬನ್ ಬಿಚ್ಚಿದ್ದು ಆಮೇಲೆ.

ನನ್ನ ಎರಡನೆಯ ಪುಸ್ತಕ ಮಕ್ಕಳದ್ದು, ಮೂರನೆಯದೂ ಮಕ್ಕಳದ್ದೇ. ಮೌನ, ಕತ್ತಲಿನ ಕವಿತೆಗಳನ್ನು ಈಗಲೂ ಬರೆಯುತ್ತೇನೆ. ಆದರೆ ಬರೆದ ಮೇಲೆ ಇದರಲ್ಲಿ ಏನಾದರೂ ಆಗುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.

ಮುಂದಿನ ವರ್ಷ ಹೂಮಳೆ ನಿಂತ ಕೂಡಲೇ ನನ್ನ ಫೋನೂ ಬಡಿದುಕೊಂಡಿತು. ಆ ಕಡೆ ಗೌಡ್ರು. "ನಿಮ್ಮಲ್ಲಿ ಎಷ್ಟಾಯ್ತಮ್ಮ?"

"ನಾಲ್ಕು ಸಾಲಾಯ್ತು ಗೌಡ್ರೆ," ಎಂದೆ.

"ಸಾಲದು. ಬ್ಯಾಕಿಂಗ್ ಬರ್ಲಿ, ಮತ್ತೆ ಫೋನ್ ಮಾಡ್ತೀನಿ."

ಈಗ ಪ್ರತಿ ವರ್ಷವೂ ಮಾಡುತ್ತಾರೆ. ಶೀಟಿನ ಮೇಲೆ ಮೊದಲ ಹನಿ ಬಿದ್ದರೆ ಸಾಕು, ಹೊಲಿಗೆ ಬಿಟ್ಟು ಫೋನ್ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ.