ತರನ್ನುಮ್ ಆಪಾಳ ಅನಾನಸ್ ಬಾಟಲಿಗಳು

ಶಿರಾದಲ್ಲಿ ಅನಾನಸ್ ಬೆಳೆಯುತ್ತದೆಯೇ ಎಂದು ಕೇಳಬೇಡಿ, ನಮ್ಮದು ಕಡಲೆಕಾಯಿ ಸೀಮೆ. ಆದರೆ ಮಧುಗಿರಿ ರಸ್ತೆಯ ಅಂಗಾಂಶ ಕೃಷಿ ಲ್ಯಾಬಿನಲ್ಲಿ, ಗಾಜಿನ ಬಾಟಲಿಗಳೊಳಗೆ, ಸಾವಿರಾರು ಅನಾನಸ್ ಸಸಿಗಳು ಹುಟ್ಟಿ ದೂರದ ತೋಟಗಳಿಗೆ ಹೋಗುತ್ತವೆ. ಅವನ್ನು ಬೆಳೆಸುವವಳು ತರನ್ನುಮ್, ಲ್ಯಾಬಿನವರ ಬಾಯಲ್ಲಿ ಆಪಾ, ಅಂದರೆ ಅಕ್ಕ. ವಯಸ್ಸು ನಲವತ್ತಮೂರು. ಗಂಡ ಇಸ್ರಾರ್ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಮನೆಗೆ ಹೋದ ಕೂಡಲೇ ಟಿವಿ ಹಾಕುತ್ತಾಳೆ, ಯಾರದಾದರೂ ದನಿ ಇರಲಿ ಎಂದು.

ಲ್ಯಾಬಿನ ಕೆಲಸವೂ ಒಂಟಿಯದೇ. ಶುದ್ಧ ಗಾಳಿ ಬೀಸುವ ಪೆಟ್ಟಿಗೆಯ ಮುಂದೆ ದಿನವಿಡೀ ಕೂತು, ಎಳೆ ಮೊಳಕೆ ಕತ್ತರಿಸಿ ಹೊಸ ಬಾಟಲಿಗೆ ಇಡಬೇಕು. ಒಂದು ಮೊಳಕೆ ತಿಂಗಳಿಗೆ ನಾಲ್ಕಾಗುತ್ತಿತ್ತು. ಇವಳಿಗೆ ಅದು ಸಾಲಲಿಲ್ಲ. ಸುಳಿ ಚಿವುಟಿ, ಬುಡವನ್ನು ಉದ್ದಕ್ಕೆ ಸೀಳಿ ಇಟ್ಟು ನೋಡಿದಳು. ಮಗ್ಗುಲಲ್ಲಿ ಮಲಗಿದ್ದ ಚಿಗುರುವ ಕಣ್ಣುಗಳೆಲ್ಲ ಎದ್ದು ಹನ್ನೊಂದು ಮೊಳಕೆ! ಅಬ್ಬಾ, ಅವತ್ತು ಅವಳ ಹಿಗ್ಗೇ ಹಿಗ್ಗು! ಓದಿದ್ದು ಬರೀ ಎಸ್ಸೆಸ್ಸೆಲ್ಸಿ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಶುರುವಾಯಿತು ಗ್ರಹಚಾರ. ಮೂರನೆಯ ದಿನಕ್ಕೆ ಮೊಳಕೆಯ ಬುಡದಲ್ಲಿ ಹಾಲಿನಂಥ ಲೋಳೆ, ಸೋಂಕಿನ ಗುರುತು. ನೂರಕ್ಕೆ ಮೂವತ್ತು ಬಾಟಲಿ ಎಸೆಯಬೇಕಾಯಿತು. ಮಾಲೀಕ ವೃಷಭೇಂದ್ರಪ್ಪ ಕೆಟ್ಟವನಲ್ಲ, ಆದರೆ ವ್ಯಾಪಾರಸ್ಥ.

"ನೋಡಮ್ಮ, ಇನ್ನೊಂದ್ ಸಲ ನೋಡಾಣ. ಮತ್ತೆ ಇಂಗೇ ಆದ್ರೆ ಈ ಸೀಳೋದು ಬ್ಯಾಡ, ಹಳೇ ಪದ್ಧತೀಗೇ ಹೋಗ್ಬುಡಾಣ" ಎಂದ.

ತನ್ನದು ಎಂದು ತರನ್ನುಮ್‌ಗೆ ಇದ್ದದ್ದು ಆ ಸೀಳುವ ಪದ್ಧತಿಯೊಂದೇ. ಚಾಕುವನ್ನು ಎರಡೆರಡು ಸಲ ಸುಟ್ಟಳು, ಬಾಟಲಿಗಳನ್ನು ಮತ್ತೆ ಕುದಿಸಿದಳು. ಊಹೂಂ. ತಮಾಷೆಯೆಂದರೆ ಗಾಜಿನ ಗೋಡೆಯಾಚೆ ಇದೇ ಕೆಲಸ ಮಾಡುವ ಗೌಡಗೆರೆಯ ಹುಡುಗಿ ಅಶ್ವಿನಿ ಅದೇ ರೀತಿ ಸೀಳಿಟ್ಟ ಬಾಟಲಿಗಳಿಗೆ ಏನೂ ಆಗಿರಲಿಲ್ಲ.

ಕೊನೆಗೆ ಗುಟ್ಟು ಹಿಡಿದವಳೂ ಆ ಅಶ್ವಿನಿಯೇ. ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು: "ಆಪಾ, ಒಳ್ಗೆ ಯಾರ್ ಜೊತೆ ಮಾತಾಡ್ತಿರ್ತೀರ? ಬಾಯಿ ಒಂದೇ ಸಮ ಆಡ್ತಿರ್ತೈತೆ!"

ತರನ್ನುಮ್ ಮುಖ ಕೆಂಪಾಯಿತು. ಹೌದು, ಮಾತಾಡುತ್ತಿದ್ದಳು. ಸೆಕೆಗೆ ಮಾಸ್ಕನ್ನು ಗಲ್ಲಕ್ಕೆ ಜಾರಿಸಿ, ಊಟ ಆಯ್ತಾ ಮಗಾ, ಇವತ್ತು ನಾನು ಆಲೂಗಡ್ಡೆ ಸಾಲನ್ ಮಾಡಿದ್ದೆ ಎಂದು ಮೊಳಕೆಗಳಿಗೆ ಹೇಳುತ್ತಿದ್ದಳು. ಹಳೇ ಪದ್ಧತಿಯಲ್ಲಿ ದೂರ ಕೂತು ಕತ್ತರಿಸಿದರೆ ಸಾಕಿತ್ತು. ಸೀಳುವ ಸೂಕ್ಷ್ಮಕ್ಕೆ ಮುಖ ಹತ್ತಿರ ತರಬೇಕು. ಆರು ವರ್ಷದಿಂದ ಅವಳ ಮಾತು ಕೇಳಿಸಿಕೊಂಡದ್ದು ಆ ಮೊಳಕೆಗಳು ಮಾತ್ರ.

ತನ್ನ ಬಾಯಿಂದಲೇ ಸೋಂಕು ಬಿತ್ತೇ ಎಂದು ನಂಬಲಾರದೆ ಪರೀಕ್ಷೆಗಿಳಿದಳು. ಬಾಟಲಿಗೆ ಹಾಕುವ ಆಹಾರವನ್ನೇ ಎರಡು ತಟ್ಟೆಗೆ ಹುಯ್ದು, ಒಂದರ ಮುಂದೆ ಮಾತಾಡಿದಳು, ಇನ್ನೊಂದರ ಮುಂದೆ ಬಾಯಿ ಬಿಡಲಿಲ್ಲ. ಮಾತಾಡಿದ ತಟ್ಟೆಯಲ್ಲಿ ಎರಡೇ ದಿನಕ್ಕೆ ಬಿಳಿ ಚುಕ್ಕೆಗಳು. ಲ್ಯಾಬಿನ ಹಿಂದೆ ಹೋಗಿ ಗಳಗಳ ಅತ್ತಳು. ಮೊಳಕೆಗಳನ್ನು ಕೊಂದದ್ದು ಅವಳ ಉಸಿರೇ.

ಕೊನೆಯ ಸುತ್ತಿಗೆ ಮಾಸ್ಕ್ ಬಿಗಿದು ಕೂತವಳು ತುಟಿ ಪಿಟಕ್ಕೆನ್ನಲಿಲ್ಲ. ತಿಂಗಳಾಯಿತು. ನೂರಕ್ಕೆ ತೊಂಬತ್ತೆಂಟು ಬಾಟಲಿ ಶುದ್ಧ, ಒಂದೊಂದರಲ್ಲೂ ಹನ್ನೊಂದು, ಹನ್ನೆರಡು ಮೊಳಕೆ. ವೃಷಭೇಂದ್ರಪ್ಪ ಕುಣಿದಾಡುವುದೊಂದು ಬಾಕಿ.

"ಗೆದ್ಬುಟ್ಟೆ ಕಣಮ್ಮ! ಇನ್ಮೇಲೆ ನಿಂದೇ ಪದ್ಧತಿ. ಐವತ್ತು ಸಾವಿರ ಸಸಿ ಆರ್ಡರ್ ಐತೆ, ಎಲ್ಲಾ ನಿನ್ನ ಕೈಲೇ ಆಗ್ಬೇಕು!"

ತರನ್ನುಮ್ ನಕ್ಕಳು. ಖುಷಿಯಾಗಿತ್ತು, ಸುಳ್ಳಲ್ಲ. ಒಳಗೆ ಹೋಗಿ ಮಾಸ್ಕ್ ಬಿಗಿದುಕೊಂಡು ಮೊದಲ ಬಾಟಲಿ ತೆರೆದಾಗ ಹೊಳೆಯಿತು: ಐವತ್ತು ಸಾವಿರವೆಂದರೆ ವರ್ಷಪೂರ್ತಿ ಕೆಲಸ, ವರ್ಷಪೂರ್ತಿ ಮೌನ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವ ಹಾಗಿರಲಿಲ್ಲ, ಗ್ಲೌಸ್ ಹಾಕಿದ ಕೈ ಮುಖಕ್ಕೆ ತಾಗಬಾರದು.