ಗೌಂಡಿ ಕಾಕಾ ಕಟ್ಟಿದ ದೋಣಿ

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಗೌಂಡಿ ಕಾಕಾ ನೆನಪಾಗುತ್ತಾರೆ. ಇವತ್ತು ಆ ವಾಸನೆ ನನ್ನ ಕೈಯಿಂದಲೇ ಬರುತ್ತಿತ್ತು.

ಲಗ್ನವಾಗಿ ವಿಜಯಪುರದ ಕಡೆಯಿಂದ ನಾಶಿಕದ ಅಂಬಡ್‌ಗೆ ಬಂದ ಹೊಸದು. ಯಜಮಾನರು ಕಾರ್ಖಾನೆಗೆ ಹೋದರೆ ನನಗೆ ಬಾಡಿಗೆ ಕೋಣೆಯ ಗೋಡೆಗಳೇ ಗತಿ. ಪಕ್ಕದ ಕೋಣೆಯಲ್ಲಿ ಕಾಕಾ ಇದ್ದರು. ನಮ್ಮ ಕಡೆಯವರೇ, ಕಟ್ಟಡ ಕಟ್ಟುವ ಗೌಂಡಿ. ಎದುರಿಗೆ ಕಾರ್ಖಾನೆಗಳ ಗಟಾರ. ದನಗಳು ಬಾಯಾರಿ ಆ ನೀರಿಗೇ ಬಾಯಿ ಹಾಕುತ್ತಿದ್ದವು. ಅದನ್ನು ನೋಡಲಾಗದೆ ಕಾಕಾ ಒಂದು ರಜೆಯ ದಿನ ಅಂಗಳದ ನಳದ ಕೆಳಗೆ ದನಗಳಿಗೆ ನೀರಿನ ತೊಟ್ಟಿ, ನಮ್ಮ ಕಡೆಯ ಮಾತಿನಲ್ಲಿ ದೋಣಿ, ಕಟ್ಟಿದರು. ಅಂಚನ್ನು ಮಾತ್ರ ಕರಣೆಯಿಂದ ಮುಗಿಸದೆ ಅಂಗೈಯಿಂದ ಸವರಿ ಗುಂಡಗೆ ಮಾಡಿದರು. ದನದ ಕೊರಳು ತರಚಬಾರದಂತೆ! ಹೊಸ ಸಿಮೆಂಟಿನ ನೀರು ಬಾಯಿ ಸುಡುತ್ತದೆಂದು ಕೆಲವು ದಿನ ದೋಣಿ ತುಂಬಿಸಿ ಚೆಲ್ಲಿದರು. ಅಲ್ಲಿಯವರೆಗೆ ಬಕೆಟ್ಟಿನಲ್ಲೇ ಕುಡಿಸಿದರು.

ಮನೆ ಮಾಲಕನಿಗೆ ಆ ಜಾಗ ಗಾಡಿ ನಿಲ್ಲಿಸಲು ಬೇಕಿತ್ತು. ಕಾಕಾ ಕೆಲಸಕ್ಕೆ ಹೋದ ಹೊತ್ತು ನೋಡಿ ಒಡೆಸಿಬಿಟ್ಟ. ಸಂಜೆ ಬಂದ ಕಾಕಾ ಕೂಗಾಡಲಿಲ್ಲ. ಮುಖ ತೊಳೆದು ಮತ್ತೆ ಸಿಮೆಂಟು ಕಲಸಲು ಕೂತರು. ಕಟ್ಟಿದರೆ ಕೋಣೆ ಖಾಲಿ ಮಾಡು ಎಂದು ಮಾಲಕ ಮರಾಠಿಯಲ್ಲಿ ಗದರಿದ. ಕಾಕಾ ತಲೆಯೆತ್ತದೆ ನನಗೆ ಹೇಳಿದರು:

“ಖೋಲಿ ಬಿಡ್ತೀನಿ ಯವ್ವಾ, ದೋಣಿ ಬಿಡಂಗಿಲ್ಲ.”

ಹೇಳಿದಂತೆ ದೋಣಿ ಕಟ್ಟಿ ಮುಗಿಸಿಯೇ ಕೋಣೆ ಬಿಟ್ಟರು. ಸಂಭಾಜಿನಗರದ ಚಿಕಲಠಾಣಾದಲ್ಲಿ ಕೆಲಸ ಹಿಡಿದು ಹೊರಟೇಬಿಟ್ಟರು. ಮರುದಿನವೇ ಮಾಲಕ ಸುತ್ತಿಗೆಯವನನ್ನು ಕರೆತಂದ. ನನಗೆ ಎಲ್ಲಿತ್ತೋ ಆ ಧೈರ್ಯ! ಹೋಗಿ ದೋಣಿಯ ಅಂಚಿನ ಮೇಲೆ ಕೂತುಬಿಟ್ಟೆ. ಒಡೆದರೆ ಈ ದನಗಳನ್ನೆಲ್ಲ ನಿಮ್ಮ ಮನೆ ಬಾಗಿಲಿಗೇ ಹೊಡೆದುಕೊಂಡು ಬರುತ್ತೇನೆ ಎಂದು ನನ್ನ ಅರೆಬರೆ ಮರಾಠಿಯಲ್ಲೇ ಜಾಡಿಸಿದೆ. ಸಾಲಿನ ಹೆಂಗಸರೆಲ್ಲ ಹೊರಗೆ ಬಂದು ನನ್ನ ಪಕ್ಕ ನಿಂತರು. ಮಾಲಕ ಗೊಣಗುತ್ತ ಹೋದ, ಮತ್ತೆ ಆ ಸುದ್ದಿ ಎತ್ತಲಿಲ್ಲ.

ಆಮೇಲೆ ಕಾಕಾ ಆಗಾಗ ಫೋನು ಮಾಡುತ್ತಿದ್ದರು. ನನ್ನ ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಕೇಳುತ್ತಿದ್ದುದು, “ದೋಣಿ ಸೋರೂದಿಲ್ಲಲಾ?” ಹೋದ ಚಳಿಗಾಲದಲ್ಲಿ ಆ ಫೋನು ಅವರ ಮಗಳಿಂದ ಬಂತು... ಕಾಕಾ ಹೋಗಿಬಿಟ್ಟಿದ್ದರು.

ಈ ಬೇಸಿಗೆಯಲ್ಲಿ ದೋಣಿ ಬಿರುಕು ಬಿಟ್ಟಿತು. ಗೌಂಡಿಗಳನ್ನು ಕರೆದು ಕರೆದು ಸಾಕಾಗಿ ಇವತ್ತು ನಾನೇ ಸಿಮೆಂಟು ಕಲಸಿ ಮೆತ್ತಿದೆ, ಅಂಚನ್ನು ಅಂಗೈಯಿಂದ ಸವರಿದೆ. ಅಷ್ಟರಲ್ಲಿ ಒಂದು ಕೆಂದಾಕಳು ಬಂದು ಮೂತಿ ಚಾಚಿತು. “ತಡಿಯವ್ವಾ, ಬಾಯಿ ಸುಡತದ,” ಎಂದು ಅದಕ್ಕೆ ಬಕೆಟ್ಟು ಹಿಡಿದೆ.

ಫೋನು ರಿಂಗಾಯಿತು. ಒದ್ದೆ ಕೈಯಲ್ಲೇ ಎತ್ತಿಕೊಂಡು, “ಸೋರೂದಿಲ್ರಿ ಕಾಕಾ,” ಎಂದುಬಿಟ್ಟೆ.

ಆ ಕಡೆ ನಮ್ಮ ಯಜಮಾನರು. ಕೈತುಂಬ ಸಿಮೆಂಟು, ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ... ಆಕಳು ಬಕೆಟ್ಟು ಖಾಲಿ ಮಾಡಿ ಇನ್ನೂ ಬೇಕೆಂದು ಮುಖ ಎತ್ತಿತು. ನಳ ತಿರುವಿದೆ.